ಪ್ಲಾಸ್ಟಿಕ್ ಮರುಬಳಕೆ, ವೃತ್ತಾಕಾರದ ಆರ್ಥಿಕತೆ ಮತ್ತು ಕೈಗಾರಿಕಾ ಸಂಘಗಳ ಪಾತ್ರ: ಅರ್ಜಿದಾರರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪ್ಲಾಸ್ಟಿಕ್ ಮರುಬಳಕೆ ಘಟಕಗಳ ನೋಂದಣಿ ಹಾಗೂ ಸಮ್ಮತಿಗಾಗಿ ಅರ್ಜಿ ಸಲ್ಲಿಸುವವರಲ್ಲಿ ಹೆಚ್ಚಿನವರು ಸಣ್ಣ ಉದ್ದಿಮೆದಾರರಾಗಿರುತ್ತಾರೆ. ಒಂದು ಗ್ರೈಂಡರ್, ತೊಳೆಯುವ ತೊಟ್ಟಿ, ಒಂದು ಎಕ್ಸ್‌ಟ್ರೂಡರ್ ಯಂತ್ರ ಮತ್ತು ಕೆಲವೇ ಕಾರ್ಮಿಕರನ್ನು ಇಟ್ಟುಕೊಂಡು ನಡೆಯುವ ಘಟಕಗಳು ಇವು. ಇಂತಹ ಅರ್ಜಿಗಳ ಜೊತೆಯಲ್ಲಿ ಯಾವುದಾದರೊಂದು ಕೈಗಾರಿಕಾ ಸಂಘದ ಸದಸ್ಯತ್ವ ಪತ್ರವನ್ನು ಲಗತ್ತಿಸಿ, ಅದರಿಂದಲೇ ನಿಯಮಗಳ ಅಗತ್ಯ ಪೂರೈಸಿತೆಂದು ಭಾವಿಸುವುದು ಆಗಾಗ ಕಂಡುಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಸಂಘವೆಂದರೆ ವರ್ಷಕ್ಕೊಮ್ಮೆ ಚಂದಾ ಪಡೆದು ಸಭೆ ನಡೆಸುವ ಸಂಸ್ಥೆಯೆಂದು ಮಾತ್ರ ತಿಳಿದು ಅದರಿಂದ ದೊರೆಯಬಹುದಾದ ತಾಂತ್ರಿಕ ನೆರವನ್ನು ಕಳೆದುಕೊಳ್ಳುವವರೂ ಇದ್ದಾರೆ. ಈ ಎರಡೂ ತಿಳುವಳಿಕೆಗಳು ಸರಿಯಲ್ಲ.

ಮರುಬಳಕೆಯ ಸಂಶೋಧನೆಯಲ್ಲಿ ಹಾಗೂ ವೃತ್ತಾಕಾರದ ಆರ್ಥಿಕತೆಯಲ್ಲಿ ಕೈಗಾರಿಕಾ ಸಂಘಗಳು ಇದುವರೆಗೆ ಏನನ್ನು ಸಾಧಿಸಿವೆ, ಎಲ್ಲಿ ಎಡವಿವೆ, ಅವುಗಳಿಂದ ಅರ್ಜಿದಾರರು ಏನನ್ನು ನಿರೀಕ್ಷಿಸಬಹುದು ಮತ್ತು ಏನನ್ನು ನಿರೀಕ್ಷಿಸಲಾಗದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ವೃತ್ತಾಕಾರದ ಆರ್ಥಿಕತೆ ಎಂದರೇನು?

ಕಚ್ಚಾವಸ್ತುವನ್ನು ಪಡೆದು, ಪದಾರ್ಥವನ್ನು ತಯಾರಿಸಿ, ಬಳಸಿ, ಎಸೆದುಬಿಡುವುದು ರೂಢಿಯಲ್ಲಿರುವ ಪದ್ಧತಿ. ಎಸೆಯುವ ಹಂತದಲ್ಲಿ ಪದಾರ್ಥವನ್ನು ಮರಳಿ ಪಡೆದು ಹೊಸ ಪದಾರ್ಥಕ್ಕೆ ಕಚ್ಚಾವಸ್ತುವನ್ನಾಗಿಸಿದಾಗ ಸರಳ ರೇಖೆಯಂತಿದ್ದ ಈ ವ್ಯವಸ್ಥೆ ವೃತ್ತವಾಗುತ್ತದೆ. ಇದನ್ನೇ ವೃತ್ತಾಕಾರದ ಆರ್ಥಿಕತೆ ಎನ್ನಲಾಗುತ್ತದೆ. ಲೆಕ್ಕಪತ್ರದ ಮಾತಿನಲ್ಲಿ ಹೇಳುವುದಾದರೆ, ಒಂದು ವರ್ಷದ ಆಖೈರು ಶಿಲ್ಕು ಮುಂದಿನ ವರ್ಷದ ಪ್ರಾರಂಭಿಕ ಶಿಲ್ಕಾಗುವಂತೆ, ಬಳಸಿ ಮುಗಿದ ವಸ್ತುವು ಮುಂದಿನ ತಯಾರಿಕೆಯ ದಾಸ್ತಾನಾಗಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿಗಳ ಪ್ರಕಾರ ದೇಶದಲ್ಲಿ 2019-20ನೇ ಸಾಲಿನಲ್ಲಿ ಸುಮಾರು 34.7 ಲಕ್ಷ ಟನ್ ಹಾಗೂ 2020-21ನೇ ಸಾಲಿನಲ್ಲಿ ಸುಮಾರು 41.3 ಲಕ್ಷ ಟನ್ ಪ್ಲಾಸ್ಟಿಕ್ ತ್ಯಾಜ್ಯ ಉತ್ಪತ್ತಿಯಾಗಿದೆ. ಈ ಪ್ರಮಾಣದ ವಸ್ತುವನ್ನು ಯಾವುದೇ ಒಂದು ಘಟಕ ಅಥವಾ ಒಂದು ಕಂಪನಿ ತಾನೊಬ್ಬನೇ ವೃತ್ತದೊಳಗೆ ತರಲಾರದು. ವಸ್ತುವನ್ನು ಗುರುತಿಸುವ ವಿಧಾನ, ಪರೀಕ್ಷೆಯ ಕ್ರಮ, ವಿನ್ಯಾಸದ ನಿಯಮ ಮುಂತಾದವು ಎಲ್ಲರಿಗೂ ಒಂದೇ ಆಗಿರಬೇಕು. ಕೈಗಾರಿಕಾ ಸಂಘಗಳ ಕೆಲಸ ಆರಂಭವಾಗುವುದು ಇಲ್ಲಿಂದ.

3. ತ್ರಿಕೋನದೊಳಗಿನ ಸಂಖ್ಯೆ: ಒಂದು ಸಂಘದ ಕೊಡುಗೆ

ಪ್ಲಾಸ್ಟಿಕ್ ಬಾಟಲಿ ಅಥವಾ ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋನ ಮತ್ತು ಅದರೊಳಗೆ 1ರಿಂದ 7ರವರೆಗಿನ ಒಂದು ಸಂಖ್ಯೆ ಇರುವುದನ್ನು ಸಾರ್ವಜನಿಕರು ಗಮನಿಸಿರಬಹುದು. ಈ ಗುರುತನ್ನು ಜಾರಿಗೆ ತಂದದ್ದು ಸರ್ಕಾರವಲ್ಲ. ಅಮೆರಿಕದ ಸೊಸೈಟಿ ಆಫ್ ದಿ ಪ್ಲಾಸ್ಟಿಕ್ಸ್ ಇಂಡಸ್ಟ್ರಿ ಎಂಬ ಕೈಗಾರಿಕಾ ಸಂಘವು 1988ರಲ್ಲಿ ಇದನ್ನು ರೂಪಿಸಿತು. ಈ ಸಂಘವು 2016ರಿಂದ ಪ್ಲಾಸ್ಟಿಕ್ಸ್ ಇಂಡಸ್ಟ್ರಿ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ. ಸಂಖ್ಯೆಗಳ ಅರ್ಥ ಈ ಕೆಳಕಂಡಂತಿದೆ:

1 – ಪೆಟ್: ಕುಡಿಯುವ ನೀರು ಮತ್ತು ತಂಪು ಪಾನೀಯದ ಬಾಟಲಿಗಳು
2 – ಎಚ್‌ಡಿಪಿಇ: ಶಾಂಪೂ ಬಾಟಲಿ, ಎಣ್ಣೆಯ ಕ್ಯಾನು
3 – ಪಿವಿಸಿ: ನೀರಿನ ಪೈಪು, ವಿದ್ಯುತ್ ತಂತಿಯ ಹೊದಿಕೆ
4 – ಎಲ್‌ಡಿಪಿಇ: ಹಾಲಿನ ಪೊಟ್ಟಣ, ತೆಳು ಹಾಳೆ
5 – ಪಿಪಿ: ಊಟದ ಡಬ್ಬಿ, ನೆಯ್ದ ಗೊಬ್ಬರದ ಚೀಲ
6 – ಪಾಲಿಸ್ಟೈರೀನ್: ಥರ್ಮೋಕೋಲ್
7 – ಮೇಲಿನ ಯಾವುದಕ್ಕೂ ಸೇರದ ಇತರೆ ಪ್ಲಾಸ್ಟಿಕ್

ವಿಂಗಡಿಸುವವರಿಗೆ ಈ ಸಂಖ್ಯೆ ಮಹತ್ವದ ನೆರವಾಯಿತು. ಒಂದು ಬಗೆಯ ಪ್ಲಾಸ್ಟಿಕ್ ಇನ್ನೊಂದರೊಡನೆ ಕರಗಿ ಬೆರೆಯುವುದಿಲ್ಲ. ಬೆರಕೆಯಾದ ಮಾಲಿನಿಂದ ತಯಾರಿಸಿದ ವಸ್ತು ಬಿರುಕು ಬಿಡುತ್ತದೆ ಅಥವಾ ಬಣ್ಣಗೆಡುತ್ತದೆ. ಆದುದರಿಂದ ವಸ್ತುವಿನ ಗುರುತು ತಿಳಿಯುವುದೇ ಮರುಬಳಕೆಯ ಮೊದಲ ಹೆಜ್ಜೆಯಾಗಿದೆ.

ಆದರೆ ಇದೇ ಗುರುತು ಒಂದು ತಪ್ಪು ತಿಳುವಳಿಕೆಗೂ ಕಾರಣವಾಯಿತು. ಬಾಣಗಳ ತ್ರಿಕೋನವನ್ನು ಕಂಡ ಗ್ರಾಹಕರು ಆ ವಸ್ತುವು ಮರುಬಳಕೆಯಾಗುತ್ತದೆಂದೇ ಭಾವಿಸಿದರು. ವಾಸ್ತವವಾಗಿ ಸಂಖ್ಯೆಯು ಪ್ಲಾಸ್ಟಿಕ್‌ನ ಬಗೆಯನ್ನು ಮಾತ್ರ ತಿಳಿಸುತ್ತದೆ. ಅದನ್ನು ಕೊಳ್ಳುವವರಿದ್ದಾರೆಯೇ, ಸಂಸ್ಕರಿಸುವ ಘಟಕವಿದೆಯೇ ಎಂಬುದನ್ನು ತಿಳಿಸುವುದಿಲ್ಲ. ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯು ಈ ಗುರುತಿನ ನಿರ್ವಹಣೆಯನ್ನು ವಹಿಸಿಕೊಂಡ ಬಳಿಕ, 2013ರಲ್ಲಿ ಬಾಣಗಳ ಬದಲಿಗೆ ಸಾದಾ ತ್ರಿಕೋನವನ್ನು ಬಳಸುವಂತೆ ಬದಲಾವಣೆ ಮಾಡಿತು. ಅಷ್ಟರಲ್ಲಿ ಹಳೆಯ ಗುರುತು 25 ವರ್ಷ ಬಳಕೆಯಲ್ಲಿದ್ದು, ಪ್ರಪಂಚದಾದ್ಯಂತ ಅಚ್ಚುಗಳಲ್ಲಿ ಉಳಿದುಬಿಟ್ಟಿತ್ತು.

ಸಂಘವು ನೀಡುವ ಸೌಲಭ್ಯ ಉಪಯುಕ್ತವಾಗಿದ್ದರೂ ಅದು ಹೇಳುವುದೆಷ್ಟು, ಹೇಳದೆ ಬಿಟ್ಟಿರುವುದೆಷ್ಟು ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು ಎಂಬುದಕ್ಕೆ ಇದು ಉತ್ತಮ ನಿದರ್ಶನ. ಭಾರತದಲ್ಲಿ ಪ್ಲಾಸ್ಟಿಕ್ ಮರುಬಳಕೆಯ ಮಾರ್ಗಸೂಚಿಯನ್ನು ಭಾರತೀಯ ಮಾನಕ ಬ್ಯೂರೋ 1998ರಲ್ಲಿ ಐಎಸ್ 14534 ಸಂಖ್ಯೆಯಡಿ ಪ್ರಕಟಿಸಿತು. ಮರುಬಳಕೆದಾರರು ಈ ಮಾನಕದ ಚಾಲ್ತಿಯಲ್ಲಿರುವ ಆವೃತ್ತಿಯನ್ನು ಅನುಸರಿಸತಕ್ಕದ್ದು.

4. ಪೆಟ್ ಬಾಟಲಿ: ಸಂಶೋಧನೆ ಫಲ ನೀಡಿದ ಉದಾಹರಣೆ

ಎಲ್ಲ ಪ್ಲಾಸ್ಟಿಕ್‌ಗಳ ಪೈಕಿ ಹೆಚ್ಚು ಯಶಸ್ವಿಯಾಗಿ ಮರುಬಳಕೆಯಾಗುತ್ತಿರುವುದು ಪೆಟ್ ಬಾಟಲಿ. ಅದಕ್ಕೆ ಸ್ಪಷ್ಟವಾದ ಕಾರಣಗಳಿವೆ. ಬಾಟಲಿಯನ್ನು ನೋಡಿದ ಕೂಡಲೇ ಗುರುತಿಸಬಹುದು. ಬಹುತೇಕ ಪಾರದರ್ಶಕವಾಗಿರುತ್ತದೆ. ಗುಜರಿಯಲ್ಲಿ ಬೆಲೆಯಿದೆ. ಬಾಟಲಿಯನ್ನು ಪುಡಿ ಮಾಡಿ ನೀರಿಗೆ ಹಾಕಿದಾಗ ಪೆಟ್ ಚೂರುಗಳು ಮುಳುಗುತ್ತವೆ. ಮುಚ್ಚಳದ ಚೂರುಗಳು ನೀರಿಗಿಂತ ಹಗುರವಾದ್ದರಿಂದ ತೇಲುತ್ತವೆ. ಹೀಗೆ ಒಂದು ನೀರಿನ ತೊಟ್ಟಿಯಿಂದಲೇ ಎರಡನ್ನೂ ಬೇರ್ಪಡಿಸಬಹುದು.

ಆದರೆ ಬಾಟಲಿಯ ಸುತ್ತ ಪಿವಿಸಿ ಲೇಬಲ್ ಇದ್ದಲ್ಲಿ ಈ ಕ್ರಮ ವಿಫಲವಾಗುತ್ತದೆ. ಪಿವಿಸಿ ಮತ್ತು ಪೆಟ್‌ಗಳ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಎರಡೂ ಮುಳುಗುತ್ತವೆ. ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಆ ಶಾಖದಲ್ಲಿ ಪಿವಿಸಿ ಒಡೆದು ಆಮ್ಲವನ್ನು ಹೊರಸೂಸುತ್ತದೆ. ಇದರಿಂದ ಪೆಟ್ ಹಳದಿಗಟ್ಟುವುದಲ್ಲದೆ ಯಂತ್ರವೂ ಕೆಡುತ್ತದೆ. ಚೂರುಗಳಲ್ಲಿ ತೇವಾಂಶ ಉಳಿದಿದ್ದರೂ ಕರಗುವಾಗ ಪೆಟ್‌ನ ಅಣುಸರಪಳಿ ತುಂಡಾಗಿ ವಸ್ತುವಿನ ಬಲ ಕುಗ್ಗುತ್ತದೆ.

ಇವುಗಳಿಗೆ ಪರಿಹಾರ ಕಂಡುಹಿಡಿಯುವುದು ಒಬ್ಬ ಮರುಬಳಕೆದಾರನ ಕೈಯಲ್ಲಿಲ್ಲ. ಲೇಬಲ್ ಯಾವ ವಸ್ತುವಿನದಾಗಿರಬೇಕು, ಅಂಟು ಬಿಸಿನೀರಿನಲ್ಲಿ ಬಿಡಬೇಕೇ, ಬಣ್ಣ ಸೇರಿಸಬಹುದೇ ಎಂಬುದು ಬಾಟಲಿ ತಯಾರಕರು ಮತ್ತು ಪಾನೀಯ ಕಂಪನಿಗಳು ಒಟ್ಟಾಗಿ ತೀರ್ಮಾನಿಸಬೇಕಾದ ವಿಷಯ. ಅವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಬಲ್ಲ ವೇದಿಕೆ ಸಂಘವೇ ಆಗಿದೆ. ಮರುಬಳಕೆಗೆ ಅನುಕೂಲವಾದ ವಿನ್ಯಾಸವೆಂದು ಇಂದು ಕರೆಯಲ್ಪಡುವ ಸಂಶೋಧನೆಯ ತಿರುಳು ಇದು.

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಹಾಗೂ ಪೆಟ್ ಪ್ಯಾಕೇಜಿಂಗ್ ಕ್ಷೇತ್ರದ ಸಂಘವೊಂದು ಸೇರಿ ನಡೆಸಿದ ಅಧ್ಯಯನವು ಭಾರತದಲ್ಲಿ ಸುಮಾರು ಶೇ. 90ರಷ್ಟು ಪೆಟ್ ಮರಳಿ ಬಳಕೆಯಾಗುತ್ತಿದೆಯೆಂದು 2017ರಲ್ಲಿ ತಿಳಿಸಿತು. ಈ ಅಂಕಿಯನ್ನು ಅನೇಕರು ಉಲ್ಲೇಖಿಸುತ್ತಾರೆ. ಆದರೆ ಅದರ ಒಳವಿವರವನ್ನೂ ನೋಡಬೇಕು. ಶೇ. 65ರಷ್ಟು ನೋಂದಾಯಿತ ಘಟಕಗಳಲ್ಲಿ, ಶೇ. 15ರಷ್ಟು ಅಸಂಘಟಿತ ವಲಯದಲ್ಲಿ ಸಂಸ್ಕರಣೆಯಾಗುತ್ತಿದ್ದರೆ, ಶೇ. 10ರಷ್ಟು ಮನೆಗಳಲ್ಲಿಯೇ ಪುನಃ ಉಪಯೋಗವಾಗುತ್ತಿತ್ತು. ಮನೆಯಲ್ಲಿ ನೀರು ತುಂಬಿಡಲು ಬಳಸಿದ ಬಾಟಲಿ ಮತ್ತು ಕಾರ್ಖಾನೆಯಲ್ಲಿ ಸಂಸ್ಕರಣೆಯಾದ ಬಾಟಲಿ ಇವೆರಡೂ ಒಂದೇ ಮೊತ್ತದಲ್ಲಿ ಸೇರಿವೆ. ಮೊತ್ತವನ್ನು ಮಾತ್ರ ಓದಿದವರಿಗೆ ಇದು ತಿಳಿಯುವುದಿಲ್ಲ.

ಹೀಗೆ ಮರಳಿ ಬಂದ ಪೆಟ್‌ನ ಹೆಚ್ಚಿನ ಭಾಗ ಬಹುಕಾಲ ನೂಲು ಮತ್ತು ಬಟ್ಟೆಯ ತಯಾರಿಕೆಗೆ ಹೋಗುತ್ತಿತ್ತು. ಬಾಟಲಿಯು ಪುನಃ ಬಾಟಲಿಯಾಗಲು ಆಹಾರ ಸುರಕ್ಷತಾ ನಿಯಮಗಳು ಅಡ್ಡಿಯಾಗಿದ್ದವು. 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರ ಪದಾರ್ಥಗಳಿಗೆ ಮರುಬಳಕೆಯ ಪ್ಲಾಸ್ಟಿಕ್ ಬಳಸುವುದನ್ನು ನಿಷೇಧಿಸಿದ್ದವು. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡ ಪ್ರಾಧಿಕಾರವು 2022ರಲ್ಲಿ ಈ ನಿಷೇಧವನ್ನು ಸಡಿಲಿಸಿ, ನಿಗದಿತ ಮಾನದಂಡಗಳಿಗೆ ಒಳಪಟ್ಟು ಬಳಕೆಗೆ ಅವಕಾಶ ಕಲ್ಪಿಸಿತು.

5. ಪಿವಿಸಿ: ಯೂರೋಪಿನ ಸಂಘಗಳ ಅನುಭವ

ಸಂಘವೊಂದು ಗುರಿಯನ್ನು ಘೋಷಿಸಿ, ಅದರ ಲೆಕ್ಕವನ್ನು ಪ್ರತಿ ವರ್ಷ ಸಾರ್ವಜನಿಕರ ಮುಂದಿಟ್ಟ ಉದಾಹರಣೆಗಾಗಿ ಯೂರೋಪಿನ ಕಡೆಗೆ ನೋಡಬೇಕಾಗುತ್ತದೆ. ಅಲ್ಲಿನ ಪಿವಿಸಿ ರಾಳ ತಯಾರಕರು, ಸ್ಥಿರಕಾರಿ ತಯಾರಕರು, ಮೃದುಕಾರಿ ತಯಾರಕರು ಹಾಗೂ ಪ್ಲಾಸ್ಟಿಕ್ ಪದಾರ್ಥ ತಯಾರಕರ ನಾಲ್ಕು ಸಂಘಗಳು ಸೇರಿ 2000ದಲ್ಲಿ 'ವಿನೈಲ್ 2010' ಎಂಬ ಸ್ವಯಂಪ್ರೇರಿತ ಒಪ್ಪಂದವನ್ನು ಮಾಡಿಕೊಂಡವು. 2010ರ ವೇಳೆಗೆ ವರ್ಷಕ್ಕೆ 2 ಲಕ್ಷ ಟನ್ ಬಳಸಿದ ಪಿವಿಸಿಯನ್ನು ಮರುಬಳಕೆ ಮಾಡುವ ಗುರಿಯಿತ್ತು. ಎರಡೂವರೆ ಲಕ್ಷ ಟನ್ನಿಗೂ ಮಿಗಿಲಾಗಿ ಸಾಧಿಸಲಾಯಿತು. ನಂತರ 2011ರಲ್ಲಿ 'ವಿನೈಲ್‌ಪ್ಲಸ್' ಹೆಸರಿನಲ್ಲಿ ಮುಂದಿನ ಹಂತ ಆರಂಭವಾಗಿ, 2020ಕ್ಕೆ 8 ಲಕ್ಷ ಟನ್ ಗುರಿಯನ್ನು ಇಟ್ಟುಕೊಳ್ಳಲಾಯಿತು. ಕೋವಿಡ್ ಸಾಂಕ್ರಾಮಿಕದ ಆ ವರ್ಷ ಸುಮಾರು 7.3 ಲಕ್ಷ ಟನ್ ಮಾತ್ರ ಸಾಧ್ಯವಾಯಿತು. ಕೊರತೆಯನ್ನು ಮರೆಮಾಚದೆ ವರದಿಯಲ್ಲಿ ಪ್ರಕಟಿಸಲಾಯಿತು ಎಂಬುದು ಇಲ್ಲಿ ಗಮನಾರ್ಹ.

ಪಿವಿಸಿ ಶಾಖಕ್ಕೆ ಕೆಡದಂತೆ ಹಿಂದೆ ಸೀಸದ ಸಂಯುಕ್ತಗಳನ್ನು ಬೆರೆಸಲಾಗುತ್ತಿತ್ತು. ಈ ಸಂಘಗಳು ಸಂಶೋಧನೆಯ ಮೂಲಕ ಪರ್ಯಾಯಗಳನ್ನು ರೂಪಿಸಿ, 2015ರ ಅಂತ್ಯದೊಳಗೆ ಯೂರೋಪಿಯನ್ ಒಕ್ಕೂಟದಲ್ಲಿ ಹೊಸ ಪಿವಿಸಿಗೆ ಸೀಸ ಬೆರೆಸುವುದನ್ನು ಕೈಬಿಟ್ಟವು. ಆದರೆ ಹಳೆಯ ಕಿಟಕಿ ಚೌಕಟ್ಟು ಮತ್ತು ಪೈಪುಗಳಲ್ಲಿ ಸೀಸ ಉಳಿದೇ ಇದೆ. ಅವುಗಳನ್ನು ಮರುಬಳಕೆ ಮಾಡಿದರೆ ಸೀಸವೂ ಹೊಸ ವಸ್ತುವಿಗೆ ಬರುತ್ತದೆ. ಮಾಡದಿದ್ದರೆ ವಸ್ತುವು ತ್ಯಾಜ್ಯವಾಗುತ್ತದೆ. ಈ ಇಕ್ಕಟ್ಟಿನ ಬಗ್ಗೆ ದೀರ್ಘ ಚರ್ಚೆ ನಡೆದು, ಯೂರೋಪಿಯನ್ ಒಕ್ಕೂಟವು 2023ರಲ್ಲಿ ಪಿವಿಸಿಯಲ್ಲಿನ ಸೀಸಕ್ಕೆ ನಿರ್ಬಂಧ ವಿಧಿಸಿತು. ಮರುಬಳಕೆಯ ವಸ್ತುವಿಗೆ ಕೆಲವು ಉಪಯೋಗಗಳಲ್ಲಿ ಮಾತ್ರ, ನಿಗದಿತ ಅವಧಿಯವರೆಗೆ ವಿನಾಯಿತಿ ನೀಡಿತು.

ಇಟಲಿಯ ಫೆರಾರಾದಲ್ಲಿ ದ್ರಾವಕದಲ್ಲಿ ಪಿವಿಸಿಯನ್ನು ಕರಗಿಸಿ ಶುದ್ಧೀಕರಿಸುವ 'ವಿನೈಲೂಪ್' ಎಂಬ ಘಟಕವು 2002ರಲ್ಲಿ ಕಾರ್ಯಾರಂಭ ಮಾಡಿತ್ತು. ಹಳೆಯ ಪಿವಿಸಿಯಲ್ಲಿದ್ದ ಮೃದುಕಾರಿ ರಾಸಾಯನಿಕಗಳ ಮೇಲೆ ನಿಯಂತ್ರಣ ಬಿಗಿಯಾದಾಗ, ಅವುಗಳನ್ನು ಬೇರ್ಪಡಿಸಲಾಗದೆ 2018ರಲ್ಲಿ ಆ ಘಟಕ ಮುಚ್ಚಿತು. ತಂತ್ರಜ್ಞಾನ ಉತ್ತಮವಾಗಿದ್ದರೂ, ಒಳಗೆ ಬಂದ ಮಾಲಿನಲ್ಲಿ ಏನಿತ್ತು ಎಂಬುದೇ ಅಂತಿಮವಾಗಿ ನಿರ್ಣಾಯಕವಾಯಿತು.

ನಮ್ಮ ದೇಶಕ್ಕೂ ಈ ವಿಷಯ ನೇರವಾಗಿ ಅನ್ವಯಿಸುತ್ತದೆ. ಕುಡಿಯುವ ನೀರಿನ ಪೈಪುಗಳ ಮೂಲಕ ಸೀಸ ಮನೆಗಳಿಗೆ ತಲುಪದಿರಲೆಂದು ಕೇಂದ್ರ ಸರ್ಕಾರವು ಪಿವಿಸಿ ಪೈಪು ಮತ್ತು ಜೋಡಣೆಗಳಲ್ಲಿನ ಸೀಸದ ಸ್ಥಿರಕಾರಿ ಕುರಿತ ನಿಯಮಗಳನ್ನು 2021ರಲ್ಲಿ ಹೊರಡಿಸಿದೆ. ಹಳೆಯ ಪೈಪುಗಳನ್ನು ಪುಡಿ ಮಾಡಿ ಬಳಸುವ ಘಟಕಗಳು ಈ ನಿಯಮಗಳನ್ನು ತಪ್ಪದೇ ಗಮನಿಸಬೇಕು. ವೃತ್ತದಲ್ಲಿ ಒಳ್ಳೆಯದು ಸುತ್ತುವಂತೆ ಕೆಟ್ಟದ್ದೂ ಸುತ್ತುತ್ತದೆ.

6. ಇನ್ನೂ ಪರಿಹಾರ ಕಾಣದ ಕ್ಷೇತ್ರ: ಬಹುಪದರದ ಪೊಟ್ಟಣಗಳು

ಕುರುಕಲು ತಿಂಡಿ, ಸಂಬಾರ ಪುಡಿ, ಶಾಂಪೂ ಮುಂತಾದವುಗಳ ಪೊಟ್ಟಣಗಳು ಎರಡು ಅಥವಾ ಹೆಚ್ಚು ಬಗೆಯ ಪ್ಲಾಸ್ಟಿಕ್ ಪದರಗಳನ್ನು, ಕೆಲವೊಮ್ಮೆ ಅಲ್ಯೂಮಿನಿಯಂ ಪದರವನ್ನೂ ಅಂಟಿಸಿ ತಯಾರಾಗುತ್ತವೆ. ಗಾಳಿ ಮತ್ತು ತೇವ ತಾಗದಂತೆ ಪದಾರ್ಥವನ್ನು ಕಾಪಾಡುವ ಈ ಪದರಗಳೇ ಮರುಬಳಕೆಗೆ ಅಡ್ಡಿಯಾಗಿವೆ. ಅವನ್ನು ಬೇರ್ಪಡಿಸುವ ವೆಚ್ಚವು ದೊರೆಯುವ ವಸ್ತುವಿನ ಬೆಲೆಯನ್ನು ಮೀರುತ್ತದೆ. ಆದುದರಿಂದಲೇ ಬಾಟಲಿಯನ್ನು ಎತ್ತಿಕೊಳ್ಳುವ ಚಿಂದಿ ಆಯುವವರು ಪೊಟ್ಟಣವನ್ನು ಅಲ್ಲಿಯೇ ಬಿಡುತ್ತಾರೆ.

ಮರುಬಳಕೆಯಾಗದ ಬಹುಪದರದ ಪ್ಲಾಸ್ಟಿಕ್‌ನ ತಯಾರಿಕೆ ಮತ್ತು ಬಳಕೆಯನ್ನು ಎರಡು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. 2018ರ ತಿದ್ದುಪಡಿಯಲ್ಲಿ, ಮರುಬಳಕೆಗೂ ಶಕ್ತಿ ಉತ್ಪಾದನೆಗೂ ಬೇರಾವ ಉಪಯೋಗಕ್ಕೂ ಬಾರದ ಪದರಗಳಿಗೆ ಮಾತ್ರ ಇದನ್ನು ಸೀಮಿತಗೊಳಿಸಲಾಯಿತು. ಇಂತಹ ವಸ್ತುವನ್ನು ಸಿಮೆಂಟ್ ಕುಲುಮೆಗಳಲ್ಲಿ ಇಂಧನವಾಗಿ ಅಥವಾ ರಸ್ತೆ ನಿರ್ಮಾಣದಲ್ಲಿ ಬಳಸಲು ಅವಕಾಶವಿದೆ. ಡಾಂಬರಿನಲ್ಲಿ ತ್ಯಾಜ್ಯ ಪ್ಲಾಸ್ಟಿಕ್ ಬೆರೆಸುವ ಬಗ್ಗೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 2002ರ ಸುಮಾರಿಗೆ ಪ್ರಯೋಗಗಳು ನಡೆದವು. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಅವರ ಸಂಶೋಧನೆಯೂ ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕಾಗಿ ಮಾರ್ಗಸೂಚಿಯನ್ನು ಪ್ರಕಟಿಸಿತು. ಇವು ವಿಲೇವಾರಿಗೆ ನೆರವಾಗುವ ಕ್ರಮಗಳೇ ಹೊರತು ವೃತ್ತಾಕಾರದ ಮರುಬಳಕೆಯಲ್ಲ. ಕುಲುಮೆಯಲ್ಲಿ ಉರಿದ ಪೊಟ್ಟಣ ಮತ್ತೆ ಪೊಟ್ಟಣವಾಗುವುದಿಲ್ಲ. ಒಂದೇ ಬಗೆಯ ಪ್ಲಾಸ್ಟಿಕ್‌ನಿಂದ ಸಮರ್ಥ ಪೊಟ್ಟಣವನ್ನು ರೂಪಿಸುವ ಸಂಶೋಧನೆಗೆ ಸಂಘಗಳು ಆದ್ಯತೆ ನೀಡಬೇಕಾಗಿರುವುದು ಈ ಕಾರಣಕ್ಕಾಗಿ.

7. ಕಾನೂನಿನ ಚೌಕಟ್ಟು: ಉತ್ಪಾದಕರ ವಿಸ್ತೃತ ಹೊಣೆಗಾರಿಕೆ

ಪ್ಲಾಸ್ಟಿಕ್ ಪ್ಯಾಕೇಜಿಂಗ್ ಮಾರುಕಟ್ಟೆಗೆ ಬಿಡುವವರೇ ಅದನ್ನು ಮರಳಿ ಪಡೆದು ಸಂಸ್ಕರಿಸುವ ವೆಚ್ಚವನ್ನು ಭರಿಸಬೇಕೆಂಬ ತತ್ವವನ್ನು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಸಂಕ್ಷಿಪ್ತವಾಗಿ ಇಪಿಆರ್ ಎನ್ನಲಾಗುತ್ತದೆ. ಈ ಕುರಿತ ವಿವರವಾದ ಮಾರ್ಗಸೂಚಿಗಳನ್ನು ಕೇಂದ್ರ ಸರ್ಕಾರವು ದಿನಾಂಕ 16-02-2022ರಂದು ಅಧಿಸೂಚಿಸಿದೆ. ಅದರಲ್ಲಿ ಪ್ಯಾಕೇಜಿಂಗ್ ಅನ್ನು ಗಟ್ಟಿ, ಮೃದು, ಬಹುಪದರ ಹಾಗೂ ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ.

ಸದರಿ ಮಾರ್ಗಸೂಚಿಯಂತೆ ಗಟ್ಟಿ ಪ್ಯಾಕೇಜಿಂಗ್‌ಗೆ ಕನಿಷ್ಠ ಮರುಬಳಕೆ ಪ್ರಮಾಣ 2024-25ರಲ್ಲಿ ಶೇ. 50 ಇದ್ದು, 2027-28ರ ವೇಳೆಗೆ ಶೇ. 80ಕ್ಕೆ ಏರುತ್ತದೆ. ಮೃದು ಮತ್ತು ಬಹುಪದರದ ವರ್ಗಗಳಿಗೆ ಇದೇ ಅವಧಿಯಲ್ಲಿ ಶೇ. 30ರಿಂದ ಶೇ. 60ಕ್ಕೆ ಏರುತ್ತದೆ. ತದನಂತರದ ತಿದ್ದುಪಡಿಗಳನ್ನು ಕೇಂದ್ರೀಕೃತ ಪೋರ್ಟಲ್‌ನಲ್ಲಿ ಪರಿಶೀಲಿಸಿಕೊಳ್ಳುವುದು. ಕಿರು ಮತ್ತು ಸಣ್ಣ ಉತ್ಪಾದಕರ ಗುರಿಯ ಹೊಣೆಯನ್ನು 2024ರ ತಿದ್ದುಪಡಿಯು ಕಚ್ಚಾವಸ್ತು ತಯಾರಕರು ಮತ್ತು ಆಮದುದಾರರಿಗೆ ವಹಿಸಿದೆ.

ನೋಂದಾಯಿತ ಮರುಬಳಕೆದಾರರು ತಾವು ಸಂಸ್ಕರಿಸಿದ ಪ್ರಮಾಣಕ್ಕೆ ಪ್ರಮಾಣಪತ್ರಗಳನ್ನು ಸೃಜಿಸುತ್ತಾರೆ. ಹೊಣೆಯುಳ್ಳ ಕಂಪನಿಗಳು ಅವುಗಳನ್ನು ಖರೀದಿಸಿ ತಮ್ಮ ಗುರಿಗೆ ಹೊಂದಿಸಿಕೊಳ್ಳುತ್ತವೆ. ಈ ವ್ಯವಸ್ಥೆಯಿಂದ ಸಣ್ಣ ಮರುಬಳಕೆದಾರನಿಗೆ ಮಾಲಿನ ಬೆಲೆಯ ಜೊತೆಗೆ ಮತ್ತೊಂದು ಆದಾಯ ದೊರೆಯುತ್ತದೆ.

8. ಲೆಕ್ಕ ಸರಿಯಿಲ್ಲದಿದ್ದರೆ ಆಗುವ ಹಾನಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2023ರಲ್ಲಿ ನಡೆಸಿದ ಪರಿಶೋಧನೆಯಲ್ಲಿ ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ಬೆರಳೆಣಿಕೆಯ ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಸೃಜಿಸಿದ್ದು ಪತ್ತೆಯಾಯಿತು. ಅಂದರೆ ಕಾಗದದ ಮೇಲೆ ಮರುಬಳಕೆಯಾದ ಪ್ಲಾಸ್ಟಿಕ್ ವಾಸ್ತವದಲ್ಲಿ ಚರಂಡಿಯಲ್ಲೋ ಕೆರೆಯಂಗಳದಲ್ಲೋ ಉಳಿದಿತ್ತು.

ಇದರ ಮೊದಲ ಪೆಟ್ಟು ಬೀಳುವುದು ಪ್ರಾಮಾಣಿಕ ಘಟಕದ ಮೇಲೆ. ಒಂದು ಘಟಕ 100 ಟನ್ ಬೇಲ್ ಖರೀದಿಸಿತೆಂದು ಉದಾಹರಣೆಗಾಗಿ ಭಾವಿಸೋಣ. ಮಣ್ಣು, ಮುಚ್ಚಳ, ಲೇಬಲ್ ಹಾಗೂ ತೇವಾಂಶ ಕಳೆದು 80 ಟನ್ ಮಾಲು ಕೈಗೆ ಬಂದರೆ, ಅದಕ್ಕೆ ತಗಲಿದ ನೀರು, ವಿದ್ಯುತ್, ಕೂಲಿ ಎಲ್ಲವೂ ಆ 80 ಟನ್ನಿನ ಮೇಲೆ ಬೀಳುತ್ತವೆ. ಏನನ್ನೂ ಸಂಸ್ಕರಿಸದೆ ಪ್ರಮಾಣಪತ್ರ ಮಾರುವವನಿಗೆ ಈ ಯಾವ ವೆಚ್ಚವೂ ಇಲ್ಲ. ಅವನು ಎಷ್ಟು ಕಡಿಮೆ ಬೆಲೆಗಾದರೂ ಮಾರಬಲ್ಲ. ಆಗ ಪ್ರಮಾಣಪತ್ರದ ಬೆಲೆ ಕುಸಿದು ನಿಜವಾದ ಮರುಬಳಕೆದಾರನು ಬಾಗಿಲು ಮುಚ್ಚಬೇಕಾಗುತ್ತದೆ. ಅವನಿಗೆ ಮಾಲು ಒದಗಿಸುತ್ತಿದ್ದ ಗುಜರಿ ವ್ಯಾಪಾರಿ ಹಾಗೂ ಚಿಂದಿ ಆಯುವವರ ಅಂದಿನ ಗಳಿಕೆಯೂ ಕುಸಿಯುತ್ತದೆ.

ಈ ಕೊನೆಯ ವರ್ಗದವರು ಯಾವ ಕೈಗಾರಿಕಾ ಸಂಘದ ಸದಸ್ಯರೂ ಅಲ್ಲ. ಆದರೆ ಇಡೀ ವೃತ್ತ ಅವರಿಂದಲೇ ಆರಂಭವಾಗುತ್ತದೆ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿ ನೀಡಿ, ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳ ನಿರ್ವಹಣೆಯಲ್ಲಿ ಅವರಿಗೆ ಅವಕಾಶ ಕಲ್ಪಿಸಿದ್ದು ಈ ನಿಟ್ಟಿನಲ್ಲಿ ಸ್ಮರಣೀಯವಾಗಿದೆ.

9. ಸಂಘದಿಂದ ನಿರೀಕ್ಷಿಸಬಹುದಾದುದು ಮತ್ತು ನಿರೀಕ್ಷಿಸಲಾಗದುದು

ನಿರೀಕ್ಷಿಸಬಹುದಾದ ನೆರವು:

(ಅ) ಮಾನಕಗಳು ಮತ್ತು ನಿಯಮಗಳ ತಿದ್ದುಪಡಿ ಕುರಿತು ಸಕಾಲಿಕ ತಿಳುವಳಿಕೆ.
(ಆ) ಮಾಲಿನ ಪರೀಕ್ಷೆ ಹಾಗೂ ಕಾರ್ಮಿಕರ ತರಬೇತಿಗೆ ಸಂಸ್ಥೆಗಳೊಡನೆ ಸಂಪರ್ಕ. ಸಿಪೆಟ್ ಎಂದು ಪರಿಚಿತವಾದ, 1968ರಲ್ಲಿ ಚೆನ್ನೈನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆಯ ಕೇಂದ್ರವೊಂದು ಮೈಸೂರಿನಲ್ಲಿದೆ. ತನ್ನದೇ ಪ್ರಯೋಗಾಲಯ ಹೊಂದಲಾಗದ ಘಟಕಗಳು ಇದರ ಉಪಯೋಗ ಪಡೆಯಬಹುದು.
(ಇ) ಪ್ಯಾಕೇಜಿಂಗ್ ವಿನ್ಯಾಸದಲ್ಲಿನ ತೊಡಕುಗಳನ್ನು ತಯಾರಕರ ಗಮನಕ್ಕೆ ತರುವುದು.
(ಈ) ಸಣ್ಣ ಘಟಕಗಳ ಸಮಸ್ಯೆಗಳನ್ನು ಒಟ್ಟಾಗಿ ಸರ್ಕಾರಕ್ಕೆ ಸಲ್ಲಿಸುವುದು.

ನಿರೀಕ್ಷಿಸಲಾಗದುದು:

(ಅ) ಸದಸ್ಯತ್ವ ಪತ್ರವು ಮಂಡಳಿಯ ಸಮ್ಮತಿಗೆ ಅಥವಾ ನೋಂದಣಿಗೆ ಬದಲಿಯಾಗುವುದಿಲ್ಲ.
(ಆ) ಸಂಘದ ಶಿಫಾರಸು ಪತ್ರದಿಂದ ಅರ್ಜಿಗೆ ಸರದಿಯಲ್ಲಿ ಆದ್ಯತೆ ದೊರೆಯುವುದಿಲ್ಲ.
(ಇ) ಸಂಘವು ಪ್ರಕಟಿಸುವ ಅಂಕಿಅಂಶಗಳು ಘಟಕವು ತಾನೇ ಇಡಬೇಕಾದ ದಾಖಲೆಗಳಿಗೆ ಪರ್ಯಾಯವಲ್ಲ.

10. ಅರ್ಜಿದಾರರ ಗಮನಕ್ಕೆ

(1) ಮರುಬಳಕೆ ಘಟಕವು 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಗಳಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಚಾಲ್ತಿಯಲ್ಲಿರುವ ಸಮ್ಮತಿಯನ್ನು ಹೊಂದಿರತಕ್ಕದ್ದು. ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಅಧಿಕೃತ ಸರ್ಕಾರಿ ಸಂಸ್ಥೆಯ ನೋಂದಣಿಯೂ ಅಗತ್ಯ.

(2) ಮರುಬಳಕೆದಾರರ ನೋಂದಣಿಯನ್ನು ರಾಜ್ಯ ಮಂಡಳಿಯು ಕೇಂದ್ರೀಕೃತ ಪೋರ್ಟಲ್ ಮೂಲಕ ನೀಡುತ್ತದೆ. ಉತ್ಪಾದಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರು ಒಂದು ಅಥವಾ ಎರಡು ರಾಜ್ಯಗಳಲ್ಲಿ ಮಾತ್ರ ವ್ಯವಹರಿಸುತ್ತಿದ್ದಲ್ಲಿ ಸಂಬಂಧಿಸಿದ ರಾಜ್ಯ ಮಂಡಳಿಯಲ್ಲಿ, ಎರಡಕ್ಕಿಂತ ಹೆಚ್ಚು ರಾಜ್ಯಗಳಲ್ಲಿದ್ದಲ್ಲಿ ಕೇಂದ್ರ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು.

(3) ಖರೀದಿ ಬಿಲ್ಲು, ತೂಕದ ಚೀಟಿ, ದಾಸ್ತಾನು ವಹಿ, ವಿದ್ಯುತ್ ಬಿಲ್ಲು ಮತ್ತು ಜಿಎಸ್‌ಟಿ ಬೀಜಕಗಳು ಪರಸ್ಪರ ತಾಳೆಯಾಗಬೇಕು. ಯಂತ್ರದ ಸಾಮರ್ಥ್ಯಕ್ಕೆ ಹಾಗೂ ಬಳಸಿದ ವಿದ್ಯುತ್ತಿಗೆ ಮೀರಿದ ಉತ್ಪಾದನೆಯನ್ನು ತೋರಿಸಿದಲ್ಲಿ ಪರಿಶೀಲನೆಯ ವೇಳೆ ವಿವರಣೆ ನೀಡುವುದು ಕಷ್ಟವಾಗುತ್ತದೆ.

(4) ತೊಳೆದ ನೀರನ್ನು ಸಂಸ್ಕರಿಸದೆ ಚರಂಡಿಗೆ ಬಿಡುವಂತಿಲ್ಲ. ನೆರೆಹೊರೆಯ ಘಟಕಗಳು ಸೇರಿ ಸಾಮೂಹಿಕ ಸಂಸ್ಕರಣಾ ವ್ಯವಸ್ಥೆ ಮಾಡಿಕೊಳ್ಳಲು ಸಂಘದ ನೆರವು ಪಡೆಯಬಹುದು.

(5) ಕ್ಯಾರಿಬ್ಯಾಗ್‌ಗಳ ದಪ್ಪ 120 ಮೈಕ್ರಾನ್‌ಗಿಂತ ಕಡಿಮೆಯಿರಬಾರದೆಂಬ ಕೇಂದ್ರದ ನಿಯಮ ದಿನಾಂಕ 31-12-2022ರಿಂದ ಜಾರಿಯಲ್ಲಿದೆ. ಗುರುತಿಸಲಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳು ದಿನಾಂಕ 01-07-2022ರಿಂದ ನಿಷೇಧಗೊಂಡಿವೆ. ಇದಲ್ಲದೆ ಕರ್ನಾಟಕ ಸರ್ಕಾರದ ದಿನಾಂಕ 11-03-2016ರ ಅಧಿಸೂಚನೆಯು ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಮೊದಲಾದ ವಸ್ತುಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿರುವುದನ್ನು ತಯಾರಕರು ಗಮನಿಸತಕ್ಕದ್ದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋಂದಣಿಗೆ ಸಂಘದ ಸದಸ್ಯತ್ವ ಕಡ್ಡಾಯವೇ?
ಉತ್ತರ: ಇಲ್ಲ. ಸದಸ್ಯತ್ವವು ಐಚ್ಛಿಕ. ಆದರೆ ತಾಂತ್ರಿಕ ಮಾಹಿತಿಗಾಗಿ ಸದಸ್ಯರಾಗುವುದು ಉಪಯುಕ್ತ.

ಪ್ರಶ್ನೆ: ಬಾಟಲಿಯ ತಳದಲ್ಲಿ ತ್ರಿಕೋನದ ಗುರುತಿದ್ದರೆ ಅದು ಖಂಡಿತವಾಗಿ ಮರುಬಳಕೆಯಾಗುವುದೇ?
ಉತ್ತರ: ಇಲ್ಲ. ಅದು ಪ್ಲಾಸ್ಟಿಕ್‌ನ ಬಗೆಯನ್ನು ಮಾತ್ರ ಸೂಚಿಸುತ್ತದೆ.

ಪ್ರಶ್ನೆ: ಗೃಹಬಳಕೆದಾರರು ಮಾಡಬೇಕಾದುದೇನು?
ಉತ್ತರ: ಒಣ ಕಸವನ್ನು ಹಸಿ ಕಸದಿಂದ ಬೇರೆಯಾಗಿಡುವುದು. ಬೆಂಗಳೂರಿನಲ್ಲಿ ಮೂಲದಲ್ಲಿಯೇ ವಿಂಗಡಣೆ ಮಾಡುವ ಬಗ್ಗೆ ಕರ್ನಾಟಕ ಉಚ್ಚ ನ್ಯಾಯಾಲಯವು 2015ರ ಡಿಸೆಂಬರ್‌ನಲ್ಲಿಯೇ ಆದೇಶಿಸಿದೆ. ಸಾರು ಸೋರಿದ ಹಾಲಿನ ಪೊಟ್ಟಣಕ್ಕಿಂತ ತೊಳೆದು ಒಣಗಿಸಿದ ಪೊಟ್ಟಣಕ್ಕೆ ಗುಜರಿಯಲ್ಲಿ ಬೆಲೆ ಹೆಚ್ಚು.

12. ಮುಕ್ತಾಯ

ಮರುಬಳಕೆಯ ಸಂಶೋಧನೆಗೆ ಸಂಘಗಳ ಒಗ್ಗಟ್ಟು ಅವಶ್ಯಕ. ಸಂಖ್ಯೆಯ ಗುರುತಿನಿಂದ ಸೀಸರಹಿತ ಪಿವಿಸಿಯವರೆಗೆ ಅವು ಮಾಡಿರುವ ಕೆಲಸವನ್ನು ಬಿಡಿ ಘಟಕಗಳು ಮಾಡಲಾಗುತ್ತಿರಲಿಲ್ಲ. ಆದರೆ ಘೋಷಣೆಗೆ ಬೆಲೆ ಬರುವುದು ಇತರರು ಅದನ್ನು ಅಳೆದು ನೋಡಲು ಸಾಧ್ಯವಾದಾಗ ಮಾತ್ರ. ಈ ಮಾತು ದೊಡ್ಡ ಸಂಘಕ್ಕೆ ಅನ್ವಯಿಸುವಂತೆ, ಒಂದೇ ಗ್ರೈಂಡರ್ ಇರುವ ಘಟಕದ ದಾಸ್ತಾನು ವಹಿಗೂ ಅನ್ವಯಿಸುತ್ತದೆ. ಅರ್ಜಿದಾರರು ತಮ್ಮ ಲೆಕ್ಕಪತ್ರಗಳನ್ನು ಮೊದಲ ದಿನದಿಂದಲೇ ಕ್ರಮಬದ್ಧವಾಗಿ ಇಟ್ಟುಕೊಳ್ಳುವಂತೆ ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಂಬಂಧಿಸಿದ ಪ್ರಾದೇಶಿಕ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.